ಏಳನೇ ಕೋಣೆಯ ಚುಕ್ಕೆ

ಚೊಕ್ಕಿಗೆ ಆ ಹೆಸರಿಟ್ಟವನು ಅವಳ ಅಣ್ಣ. ಅಣ್ಣನಿಗೆ ಕುಂಭಕರ್ಣ ಎಂದು ಹೆಸರಿಟ್ಟವಳು ಚೊಕ್ಕಿ. ಮೊದಲನೆಯದು ಮುದ್ದಿಗೆ ಬಂದ ಹೆಸರು, ಎರಡನೆಯದು ಸಿಟ್ಟಿಗೆ. ಇಟ್ಟ ಹೆಸರು ಮನೆಯೊಳಗೇ ಇದ್ದಿದ್ದರೆ ಚಿಂತೆಯಿರಲಿಲ್ಲ, ಆದರೆ ಇಂಥ ಹೆಸರಿಗೆ ಕಾಲು ಬರಲು ಎಷ್ಟು ಹೊತ್ತು? ಅಪ್ಪನ ಬಾಯಿಗೆ ಹೋಯಿತು, ಅಲ್ಲಿಂದ ನೆಂಟರ ಬಾಯಿಗೆ ಹೋಯಿತು. ಕೊನೆಗೆ ಚೊಕ್ಕಿಯ ಮಗಳು ಪುಟ್ಟಿ ಮಾತು ಕಲಿಯುವಾಗ ‘ಕುಂಬಕನ್ನ ಮಾಮ’ ಎಂದು ತೊದಲಿದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನೂ ನಕ್ಕ. ಅತ್ತಿಗೆ ಮಾತ್ರ ಎದ್ದು ಅಡುಗೆಮನೆಗೆ ಹೋದಳು. ‘ಇವಳದ್ದು ಯಾವಾಗಲೂ ಹರಳೆಣ್ಣೆ ಕುಡಿದ ಮುಖ’ ಎಂದು ಚೊಕ್ಕಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಇವತ್ತು ಆ ಮಾತು ನೆನಪಾದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ ಅವಳಿಗೆ.

ಚೊಕ್ಕಿಯ ಕಸುಬು ಕಂಪ್ಯೂಟರಿನ ಪರದೆಗಳನ್ನು ರೂಪಿಸುವುದು. ಯಾವ ಬಟನ್ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದಪ್ಪಗಿರಬೇಕು, ಯಾವ ಬಣ್ಣ ಯಾವಾಗ ಬರಬೇಕು, ಎಲ್ಲವೂ ಅವಳ ತೀರ್ಮಾನ. ಚಿಕ್ಕಂದಿನಲ್ಲಿ ಊಟದ ತಟ್ಟೆಯಲ್ಲಿ ಅನ್ನ ಪಲ್ಯ ಒಂದಕ್ಕೊಂದು ತಾಗಿದರೆ ಕಿಟಾರನೆ ಕಿರುಚುತ್ತಿದ್ದವಳು. ಪುಸ್ತಕದ ಬೆನ್ನುಗಳು ಒಂದೇ ಸಾಲಿಗೆ ನಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಅಣ್ಣ ಚೊಕ್ಕಿ ಎಂದ. ಅಂಥವಳಿಗೆ ಸರಿಯಾದ ಉದ್ಯೋಗವೇ ಸಿಕ್ಕಿತು ಅನ್ನಿ.

ಅಣ್ಣನಿಗೆ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಉದ್ದನೆಯ ಓಣಿ, ಎರಡೂ ಕಡೆ ದಪ್ಪ ಬಾಗಿಲಿನ ಹನ್ನೆರಡು ಕೋಣೆಗಳು. ಒಂದರಲ್ಲಿ ಬೆಣ್ಣೆ, ಒಂದರಲ್ಲಿ ಮೀನು, ಒಂದರಲ್ಲಿ ಹಣ್ಣು, ಏಳನೆಯದರಲ್ಲಿ ಐಸ್‌ಕ್ರೀಮ್. ಓಣಿಯ ತುದಿಯ ಗಾಜಿನ ಗೂಡಿನಲ್ಲಿ ಕುಳಿತು ಅಷ್ಟೂ ಕೋಣೆಗಳ ತಂಪನ್ನು ಕಾಯುವುದು ಅಣ್ಣನ ಪಾಳಿ. ಗೋಡೆಗೆ ಒಂದು ಹಳೆಯ ಮರದ ಹಲಗೆ ಇತ್ತು. ಅದರಲ್ಲಿ ಒಂದೊಂದು ಕೋಣೆಗೆ ಎರಡೆರಡು ದೀಪ. ಮೇಲಿನದು ಕೆಂಪು, ಕೆಳಗಿನದು ಹಸಿರು. ತಂಪು ಸರಿಯಿದ್ದರೆ ಕೆಳಗಿನದು ಉರಿಯುತ್ತದೆ, ಕೋಣೆ ಬಿಸಿಯಾದರೆ ಮೇಲಿನದು. ಜೊತೆಗೆ ಒಂದು ಗಂಟೆ, ಸುಮ್ಮಸುಮ್ಮನೆಲ್ಲ ಬಡಿದುಕೊಂಡು ತಲೆ ತಿನ್ನುವ ಗಂಟೆ.

ಆ ಹಲಗೆಯ ಬದಲು ಕಂಪ್ಯೂಟರ್ ಪರದೆ ಹಾಕಬೇಕೆಂದು ಮಾಲೀಕರು ತೀರ್ಮಾನಿಸಿದಾಗ, ‘ನನ್ನ ತಂಗಿ ಅದನ್ನೇ ಮಾಡ್ತಾಳೆ ಸಾರ್, ಅವಳ ಕಂಪನಿಗೇ ಕೊಡಿ’ ಎಂದು ಮ್ಯಾನೇಜರನ ಹಿಂದೆ ಬಿದ್ದವನು ಅಣ್ಣನೇ. ಕೆಲಸ ಬಂತು. ಚೊಕ್ಕಿ ಒಬ್ಬಳೇ ತನ್ನ ಕೈಯಾರೆ ರೂಪಿಸಿದ ಮೊದಲ ಪರದೆ ಅದು. ಹಳೆಯ ಹಲಗೆ ನೋಡಲು ಹೋದಾಗ, ಅಣ್ಣ ಒಂದೊಂದು ಕೋಣೆಗೂ ತಲೆಯನ್ನು ಚೂರು ಮೇಲೆತ್ತಿ ಇಳಿಸುವುದನ್ನು ಅವಳು ಗಮನಿಸಿದಳು. ‘ಏನಣ್ಣಾ, ಎಲ್ಲದಕ್ಕೂ ಹೂಂ ಹೂಂ ಅಂತಿದ್ದೀಯ?’ ಎಂದು ರೇಗಿಸಿದಳು. ‘ಅಭ್ಯಾಸ ಕಣೆ’ ಎಂದ ಅವನು.

ಪರದೆ ಸಿದ್ಧವಾದ ಮೇಲೆ ಮೊದಲು ತೋರಿಸಿದ್ದು ಅಣ್ಣನಿಗೇ. ಅಣ್ಣನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಬಿಳಿ ಪರದೆಯ ಮೇಲೆ ಹನ್ನೆರಡು ಪುಟ್ಟ ದುಂಡು ಚುಕ್ಕೆಗಳು, ಅಷ್ಟೇ. ತಂಪು ಸರಿಯಿದ್ದರೆ ಹಸಿರು, ಕೆಟ್ಟರೆ ಅದೇ ಚುಕ್ಕೆ ಕೆಂಪಾಗುತ್ತದೆ. ಕಣ್ಣಿಗೆ ಹಿತವಾಗಿರಲೆಂದು ಎರಡೂ ಬಣ್ಣಗಳನ್ನು ಒಂದೇ ಹದಕ್ಕೆ ಮೆದುಮಾಡಿದ್ದಳು. ಎಷ್ಟು ಡಿಗ್ರಿ ಎಂದು ತಿಳಿಯಬೇಕಾದರೆ ಚುಕ್ಕೆಯನ್ನು ಒತ್ತಿ ನೋಡಬೇಕು. ಗಂಟೆ ಬೇಡವೆಂದು ಮ್ಯಾನೇಜರನೇ ಹೇಳಿದ್ದ, ತೆಗೆದುಹಾಕಿದ್ದಳು.

‘ಹೇಗಿದೆ?’

ಅಣ್ಣ ತುಂಬ ಹೊತ್ತು ನೋಡಿದ. ‘ಆ ಹಳೇ ಬೋರ್ಡಲ್ಲಿ ಮೇಲೊಂದು ಕೆಳಗೊಂದು ದೀಪ ಇತ್ತಲ್ಲ,’ ಎಂದ ಮೆಲ್ಲಗೆ. ‘ಅದನ್ನ ಹಾಗೇ ಇಟ್ರೆ ಆಗಲ್ವಾ?’

‘ಅಯ್ಯೋ ಅಣ್ಣಾ, ಅದು ಅಜ್ಜಿ ಕಾಲದ್ದು! ಒಂದು ಚುಕ್ಕೇಲಿ ಆಗೋ ಕೆಲಸಕ್ಕೆ ಎರಡ್ಯಾಕೆ? ಗಲೀಜಾಗಿ ಕಾಣುತ್ತೆ.’

‘ಹಾಗಂತೀಯಾ?’

‘ಹಾಗೇನೇ. ನೀನು ಹೇಳು, ಚೆನ್ನಾಗಿದೆಯೋ ಇಲ್ವೋ?’

‘ಚೆನ್ನಾಗಿದೆ ಕಣೆ,’ ಎಂದ ಅಣ್ಣ. ‘ನಿನ್ನ ಥರಾನೇ ಚೊಕ್ಕವಾಗಿದೆ.’

ಇಲ್ಲೊಂದು ಮಾತು ಹೇಳಬೇಕು. ಅವಳ ಕಸುಬಿನಲ್ಲಿ ಒಂದು ನಿಯಮವಿದೆ. ‘ಚೆನ್ನಾಗಿದೆಯಾ’ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಜನ ಮುಖ ನೋಡಿ ಮಣೆ ಹಾಕುತ್ತಾರೆ. ಒಂದು ಕೆಲಸ ಕೊಟ್ಟು, ಬಾಯಿ ಮುಚ್ಚಿಕೊಂಡು, ಅವರ ಕೈ ಎಲ್ಲಿ ಹೋಗುತ್ತದೆ ನೋಡುತ್ತ ನಿಲ್ಲಬೇಕು. ಹೊಸದಾಗಿ ಸೇರಿದವರಿಗೆಲ್ಲ ಚೊಕ್ಕಿಯೇ ಇದನ್ನು ಪಾಠ ಮಾಡುತ್ತಿದ್ದಳು. ಸ್ವಂತ ಅಣ್ಣನಿಗೆ ಮಾತ್ರ ‘ಯಾವ ಕೋಣೆ ಕೆಟ್ಟಿದೆ ತೋರಿಸು’ ಎನ್ನಲಿಲ್ಲ. ಅಣ್ಣನಲ್ಲವೇ, ಅವನಿಗೆಂಥ ಪರೀಕ್ಷೆ!

ಪರದೆ ಬಂದ ಮೇಲೆ ಒಮ್ಮೆ ಆ ಗಾಜಿನ ಗೂಡಿಗೆ ಹೋಗಿದ್ದಳು. ಅಣ್ಣ ಮೊದಲ ಚುಕ್ಕೆಯಿಂದ ಕೊನೆಯ ಚುಕ್ಕೆಯವರೆಗೆ ಒಂದೊಂದನ್ನೇ ಒತ್ತಿ ಡಿಗ್ರಿ ನೋಡುತ್ತಿದ್ದ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ‘ಯಾಕೆ ಸುಮ್ನೆ ಒತ್ತುತಾ ಕೂತಿದ್ದೀಯ? ಒಂದ್ಸಲ ಕಣ್ಣಾಡಿಸಿದ್ರೆ ಗೊತ್ತಾಗೋ ಹಾಗೆ ಮಾಡಿಕೊಟ್ಟಿದ್ದೀನಿ’ ಎಂದು ಗದರಿದಳು. ‘ಬೆರಳಿಗೆ ಒಂದು ಕೆಲಸ ಬೇಕಲ್ಲ’ ಎಂದು ಅವನು ನಕ್ಕ. ಅವಳೂ ನಕ್ಕು ಮನೆಗೆ ಬಂದಳು.

ಮುಂದಿನ ಬೇಸಿಗೆಯಲ್ಲಿ ಆಗಬಾರದ್ದು ಆಯಿತು. ಏಳನೇ ಕೋಣೆಯ ಯಂತ್ರ ಬೆಳಿಗ್ಗೆಯೇ ಕೈಕೊಟ್ಟಿತ್ತು. ಸಂಜೆಯ ಹೊತ್ತಿಗೆ ಬಾಗಿಲಿನ ಅಡಿಯಿಂದ ಸಿಹಿ ಹಾಲು ಓಣಿಗೆ ಹರಿದು ಬಂತು. ಕೋಣೆಯ ತುಂಬ ಇದ್ದ ಐಸ್‌ಕ್ರೀಮೆಲ್ಲ ಚರಂಡಿಪಾಲು. ಚುಕ್ಕೆ ಬೆಳಿಗ್ಗೆಯಿಂದ ಕೆಂಪಗೇ ಇತ್ತು ಎಂಬುದನ್ನು ಕಂಪ್ಯೂಟರ್ ತೋರಿಸಿತು. ಮ್ಯಾನೇಜರ್ ಕೇಳಿದ್ದಕ್ಕೆ ಅಣ್ಣ, ‘ಕೂತಲ್ಲೇ ನಿದ್ದೆ ಹತ್ತಿಬಿಟ್ಟಿತು’ ಎಂದ. ಅವತ್ತೇ ಕೆಲಸ ಹೋಯಿತು.

ಹಗಲು ಹೊತ್ತಿನಲ್ಲಿ ನಿದ್ದೆ! ಅದೂ ಅಪ್ಪನ ಮಗ! ಅಪ್ಪ ಅಗ್ನಿಶಾಮಕ ದಳದಲ್ಲಿ ತಲೆ ನರೆಸಿಕೊಂಡವರು. ಕರೆ ಬರುವ ಮೊದಲೇ ನನ್ನ ಕಾಲಲ್ಲಿ ಬೂಟಿರುತ್ತಿತ್ತು ಎಂದು ಕೊಚ್ಚಿಕೊಳ್ಳುತ್ತಿದ್ದವರು. ಕಳ್ಳತನ ಮಾಡಿದ್ದರೂ ಮಗನನ್ನು ಕ್ಷಮಿಸುತ್ತಿದ್ದರೋ ಏನೋ, ಪಾಳಿಯಲ್ಲಿ ನಿದ್ದೆ ಮಾಡಿದವನನ್ನು ಕ್ಷಮಿಸುವ ಆಸಾಮಿಯಲ್ಲ. ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಯಾರೂ ತುಟಿ ಬಿಚ್ಚಲಿಲ್ಲ. ತುಟಿ ಬಿಚ್ಚಿದವಳು ಚೊಕ್ಕಿ.

‘ನನ್ನ ಸ್ಕ್ರೀನು ಬೆಳಿಗ್ಗೆಯಿಂದ ಕೆಂಪಗೆ ಬಾಯಿ ಬಡ್ಕೊಳ್ತಾ ಇತ್ತು. ನೀನು ಕುಂಭಕರ್ಣನ ಥರ ಬಿದ್ಕೊಂಡಿದ್ದೆ! ನನ್ನ ಮಾನದ ಗತಿ ಏನಾಗ್ತಿತ್ತು ಅಣ್ಣಾ?’

‘ತಪ್ಪಾಯ್ತು ಚೊಕ್ಕಿ,’ ಎಂದ ಅಣ್ಣ.

ನೋಡಿ, ಅಷ್ಟು ಸಿಟ್ಟಿನಲ್ಲೂ ಅವಳ ಎದೆಯ ಒಂದು ಮೂಲೆಯಲ್ಲಿ ನೆಮ್ಮದಿಯಿತ್ತು. ತಪ್ಪು ಪರದೆಯದಲ್ಲ, ಮನುಷ್ಯನದು ಎಂದು ಕಂಪನಿ ಷರಾ ಬರೆದಿತ್ತು. ಅದೇ ಪರದೆಯಿಂದ ಅವಳಿಗೆ ಬಡ್ತಿಯೂ ಬಂತು. ಆಫೀಸಿನಲ್ಲಿ ಅದರ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅವಳ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದರು. ಅಣ್ಣ ನಿಲ್ದಾಣದ ಮೆಟ್ಟಿಲ ಕೆಳಗೆ ಬೀಗದಕೈ ಕತ್ತರಿಸಿಕೊಡುವ ಒಂದು ಗೂಡಂಗಡಿ ಹಾಕಿಕೊಂಡ. ಅಲ್ಲಿಯವರೆಗೆ ಅವಳನ್ನು ‘ನೀನು, ಬಾರೆ, ಹೋಗೆ’ ಎನ್ನುತ್ತಿದ್ದ ಅತ್ತಿಗೆ ಆ ದಿನಗಳಿಂದ ‘ನೀವು, ಬನ್ನಿ, ಕೂತ್ಕೊಳ್ಳಿ’ ಎನ್ನತೊಡಗಿದಳು. ಬಡ್ತಿಗೆ ಸಿಕ್ಕ ಮರ್ಯಾದೆ ಅಂದುಕೊಂಡಳು ನಮ್ಮ ಚೊಕ್ಕಿ. ಜಾಣೆ!

ಅಪ್ಪ ಮಗನನ್ನು ಕಂಡಾಗಲೆಲ್ಲ ‘ಹೇಗಿದ್ದೀಯ’ ಎನ್ನುವ ಬದಲು ‘ಎದ್ದಿದ್ದೀಯೇನಪ್ಪಾ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗಲೂ ಬಿಡಲಿಲ್ಲ. ಒಂದು ಮಧ್ಯಾಹ್ನ ಹತ್ತಿರ ಕೂತಿದ್ದ ಮಗನನ್ನು ನೋಡಿ ನರ್ಸಿಗೆ ಹೇಳಿದರು, ‘ಇವನು ಬೇಡಮ್ಮ, ನಿದ್ದೆ ಹೊಡೀತಾನೆ. ಮಗಳನ್ನ ಕೂರಿಸಿ.’ ಅಣ್ಣ ಎದ್ದು ಹೊರಗೆ ಹೋದ. ಚೊಕ್ಕಿ ಕೂತಳು. ಕೂತವಳು ದಣಿವಿಗೆ ಅಲ್ಲೇ ತೂಕಡಿಸಿ ನಿದ್ದೆ ಹೋದಳು. ಕಣ್ಣು ಬಿಟ್ಟಾಗ ಅಣ್ಣ ಹೊರಗೆ ಬಾಗಿಲ ಗಾಜಿಗೆ ಮುಖವಿಟ್ಟು ಅಪ್ಪನ ಉಸಿರನ್ನೇ ನೋಡುತ್ತ ನಿಂತಿದ್ದ. ಆ ವಾರವೇ ಅಪ್ಪ ತೀರಿಕೊಂಡರು.

ಇಷ್ಟೆಲ್ಲ ಆಗಿ ವರ್ಷಗಳು ಕಳೆದ ಮೇಲೆ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಕಣ್ಣು ಮಂದವಾದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ಪರದೆಗಳು ಒಗ್ಗುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ಒಂದು ದಿನ ಊಟದ ನಂತರ ಅವಳು ಎಲ್ಲರನ್ನೂ ಸೇರಿಸಿ, ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರ ಕಣ್ಣಿಗೆ ಜಗತ್ತು ಹೇಗಿರುತ್ತದೆ ಎಂದು ದೊಡ್ಡ ಪರದೆಯ ಮೇಲೆ ತೋರಿಸಿದಳು. ಒಂದು ಬಟನ್ ಒತ್ತಿದರೆ ಸಾಕು, ಬಣ್ಣಗಳೆಲ್ಲ ಅವರ ಕಣ್ಣಿಗೆ ಬೀಳುವಂತೆ ಬದಲಾಗುತ್ತಿದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ಹಳೆಯ ಪರದೆಗಳನ್ನು ಹಾಕಿ ನೋಡಿ ನಗತೊಡಗಿದರು.

‘ನನ್ನದೂ ಹಾಕಮ್ಮಾ,’ ಎಂದಳು ಚೊಕ್ಕಿ ಗತ್ತಿನಿಂದ. ‘ಗೋಡೆ ಮೇಲೆ ತೂಗ್ತಾ ಇದೆಯಲ್ಲ, ಅದೇ.’

ಹನ್ನೆರಡು ಚುಕ್ಕೆಗಳು ಬಂದವು. ಒಂದು ಕೆಂಪು, ಉಳಿದವು ಹಸಿರು. ಡಾಕ್ಟರಮ್ಮ ಬಟನ್ ಒತ್ತಿದಳು. ಹನ್ನೆರಡೂ ಒಂದೇ ರಾಡಿ ಹಳದಿಗೆ ತಿರುಗಿದವು.

ಎಲ್ಲರೂ ಗೊಳ್ಳೆಂದರು. ಚೊಕ್ಕಿಯೂ ನಕ್ಕಳು. ‘ಅಬ್ಬಾ, ಇಂಥವರು ಯಾರಾದ್ರೂ ಅಲ್ಲಿ ಕೂತಿದ್ರೆ ಗತಿ ಏನು? ತಕ್ಷಣ ಬಂದು ಹೇಳ್ತಿದ್ರು ಬಿಡು.’

‘ಹೇಳಲ್ಲ ಮೇಡಂ,’ ಎಂದಳು ಹುಡುಗಿ. ‘ತುಂಬ ಜನ ಹೇಳ್ಕೊಳ್ಳೋದೇ ಇಲ್ಲ. ಚಿಕ್ಕಂದಿನಲ್ಲಿ ಯಾರೋ ನಕ್ಕಿರ್ತಾರೆ, ಅಲ್ಲಿಂದ ಮುಚ್ಚಿಟ್ಕೊಂಡು ಬಂದಿರ್ತಾರೆ. ಮೇಲಿದೆಯಾ ಕೆಳಗಿದೆಯಾ ಅಂತ ಜಾಗ ನೋಡಿ ಕೆಲಸ ಮಾಡ್ತಾರೆ. ಇಲ್ಲಾಂದ್ರೆ ಒಂದೊಂದನ್ನೇ ಒತ್ತಿ ನೋಡ್ತಾರೆ. ಮನೆಯವರಿಗೂ ಎಷ್ಟೋ ಸಲ ಗೊತ್ತಿರಲ್ಲ.’

ಚೊಕ್ಕಿಯ ಕಣ್ಣ ಮುಂದೆ ಹಳೆಯದೆಲ್ಲ ಬಂದು ನಿಂತಿತು. ಮೇಲೆ ಕೆಳಗೆ ಆಡುತ್ತಿದ್ದ ಅಣ್ಣನ ತಲೆ, ಚುಕ್ಕೆಯಿಂದ ಚುಕ್ಕೆಗೆ ಓಡುತ್ತಿದ್ದ ಅಣ್ಣನ ಬೆರಳು. ಅದಕ್ಕೂ ಹಿಂದೆ, ಅವಳ ಹಲ್ಲು ಬೀಳುವ ವಯಸ್ಸಿನಲ್ಲಿ, ಕೆಂಪು ರಿಬ್ಬನ್ ಬೇಕೆಂದು ಹಟ ಮಾಡಿದ್ದಳು. ಅಣ್ಣ ಅಂಗಡಿಗೆ ಓಡಿಹೋಗಿ ತಂದ ರಿಬ್ಬನ್ ಹಸಿರು. ‘ಕುರುಡಾ! ಇದು ಎಲೆ ಬಣ್ಣ!’ ಎಂದು ಅದನ್ನು ಅವನ ಮುಖಕ್ಕೇ ಎಸೆದಿದ್ದಳು, ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದ್ದಳು. ಆಮೇಲೆ ಯಾವ ಅಂಗಡಿಗೆ ಹೋದರೂ ‘ನೀನೇ ಆರಿಸು ಚೊಕ್ಕಿ, ನಿನಗೆ ಚೆನ್ನಾಗಿ ಗೊತ್ತಾಗುತ್ತೆ’ ಎನ್ನುತ್ತಿದ್ದ. ತನ್ನ ಮೇಲಿನ ಅಕ್ಕರೆ ಎಂದು ಬೀಗಿದ್ದಳು ಅವಳು. ಊರಿಗೆಲ್ಲ ಪಾಠ ಹೇಳುವವಳು, ಸ್ವಂತ ಅಣ್ಣನ ಕಣ್ಣು ಅವಳಿಗೆ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳು ಸೀದಾ ತನ್ನ ಮೇಜಿಗೆ ಹೋಗಿ ಹಳೆಯ ಪರದೆಯನ್ನು ತೆರೆದು ತಿದ್ದತೊಡಗಿದಳು. ಕೋಲ್ಡ್ ಸ್ಟೋರೇಜಿನವರು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೈಗೊಂದು ಕೆಲಸ ಬೇಕಿತ್ತು, ಇಲ್ಲದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಬಿಸಿಯಾದ ಕೋಣೆಗೆ ಚುಕ್ಕೆಯ ಬದಲು ದಪ್ಪ ತ್ರಿಕೋನ ಹಾಕಿದಳು, ಅದನ್ನು ಸಾಲಿನಿಂದ ಮೇಲಕ್ಕೆ ಎತ್ತಿಟ್ಟಳು. ಪಕ್ಕದಲ್ಲಿ ‘ಬಿಸಿ’ ಎಂದು ಬರೆದಳು. ಡಿಗ್ರಿಯನ್ನು ಒತ್ತದೆಯೇ ಕಾಣುವಂತೆ ಇಟ್ಟಳು. ಮನೆಗೆ ಹೊರಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆಗೆ ಬಂದವಳೇ ಮಗಳನ್ನು ಕೂರಿಸಿಕೊಂಡು, ‘ಇನ್ನು ಮಾಮನ್ನ ಕುಂಭಕರ್ಣ ಅನ್ನಬೇಡ’ ಎಂದಳು.

ಮರುದಿನ ಬೆಳಿಗ್ಗೆ ರಜೆ ಹಾಕಿ ಅಣ್ಣನ ಮನೆಗೆ ಹೋದಳು. ಅಣ್ಣ ಅಂಗಡಿಗೆ ಹೋಗಿಯಾಗಿತ್ತು. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ‘ಬನ್ನಿ’ ಎಂದಳು, ಅಷ್ಟೇ. ಚೊಕ್ಕಿಯ ಕಣ್ಣು ಅಣ್ಣನ ಅಂಗಿಗಳ ಮೇಲೆ ಬಿತ್ತು. ಕೊರಳಪಟ್ಟಿಯ ಒಳಗೆ ದಾರದ ಸಣ್ಣ ಗಂಟುಗಳು, ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಎಷ್ಟೋ ಸಲ ಕಂಡಿದ್ದಳು, ಲಾಂಡ್ರಿಯವರ ಗುರುತು ಅಂದುಕೊಂಡಿದ್ದಳು.

‘ಇದು ಬಣ್ಣಕ್ಕೆ ಅಲ್ವಾ ಅತ್ತಿಗೆ?’

ಅತ್ತಿಗೆಯ ಕೈ ನಿಂತಿತು. ‘ಗೊತ್ತಾಯ್ತಾ? ಸದ್ಯ.’

‘ನಿಮಗೆ ಯಾವಾಗಿಂದ ಗೊತ್ತು?’

‘ಮದುವೆಯಾದ ವಾರಕ್ಕೇ. ನೀವು ಹುಟ್ಟಿದಾಗಿಂದ ಜೊತೆಗಿದ್ರಿ.’

‘ಒಂದು ಮಾತು ಹೇಳಬಾರದಿತ್ತಾ ನನಗೆ?’

‘ಆಣೆ ಹಾಕಿಸ್ಕೊಂಡಿದ್ರು ನಿಮ್ಮಣ್ಣ. ಚೊಕ್ಕಿಗೆ ಗೊತ್ತಾದ್ರೆ ಕೆಲಸಾನೇ ಬಿಟ್ಟುಬಿಡ್ತಾಳೆ, ಹೇಳಬೇಡ ಅಂತ.’ ಅತ್ತಿಗೆ ಅಂಗಿಯನ್ನು ಪಟಪಟನೆ ಕೊಡವಿದಳು. ‘ಆ ಮನುಷ್ಯ ಒಂದು ದಿನ ಪಾಳೀಲಿ ಕಣ್ಣು ಮುಚ್ಚಿದವರಲ್ಲ. ಮನೇಲೂ ಅಷ್ಟೆ, ಬೆಕ್ಕು ನಡೆದ್ರೂ ಎದ್ದು ಕೂರ್ತಾರೆ. ಅವರಿಗೆ ನೀವು ಇಟ್ಟ ಹೆಸರು ಕುಂಭಕರ್ಣ. ಮಗು ಬಾಯಲ್ಲೂ ಅದನ್ನೇ ಕೇಳಿಸಿದ್ರಿ. ನಗಬೇಕಿತ್ತಾ ನಾನು?’

‘ನನಗೆ ನೀನು ಅನ್ನಿ ಅತ್ತಿಗೆ’ ಎಂದು ಕೇಳಿಕೊಳ್ಳಬೇಕು ಅನ್ನಿಸಿತು ಚೊಕ್ಕಿಗೆ, ಅದಕ್ಕೂ ಮುಖವಿರಲಿಲ್ಲ. ‘ಅಂಗಡಿಗೆ ಹೋಗಿ ಬರ್ತೀನಿ’ ಎಂದು ಎದ್ದಳು. ‘ಹೋಗಿ ಬನ್ನಿ’ ಎಂದಳು ಅತ್ತಿಗೆ.

ನಿಲ್ದಾಣದ ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಇಬ್ಬರು ಕೂರುವಷ್ಟೇ ಜಾಗ. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಕತ್ತರಿಸದ ಬೀಗದಕೈಗಳು. ಅಣ್ಣ ಯಾರದೋ ಮನೆಯ ಕೀಲಿಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ‘ಓಹೋ, ದೊಡ್ಡ ಆಫೀಸರು ಬಂದ್ರು! ಮನೆ ಬೀಗ ಕಳೆದುಕೊಂಡ್ಯಾ?’ ಎಂದು ಸ್ಟೂಲನ್ನು ಮುಂದಕ್ಕೆ ತಳ್ಳಿದ.

ಅವಳು ಕೂತಳು. ‘ನೀನು ಅವತ್ತು ನಿದ್ದೆ ಮಾಡಿರಲಿಲ್ಲ, ಅಲ್ವಾ?’

ಅಣ್ಣನ ನಗು ಮುಖದಲ್ಲೇ ಸ್ವಲ್ಪ ಹೊತ್ತು ಉಳಿಯಿತು, ಆಮೇಲೆ ಹೋಯಿತು. ‘ಯಾರು ಹೇಳಿದ್ದು? ನಿನ್ನ ಅತ್ತಿಗೇನಾ?’

‘ಯಾರೂ ಹೇಳಲಿಲ್ಲ. ನನ್ನ ಸ್ಕ್ರೀನೇ ಹೇಳ್ತು.’

ಅವನು ಕೀಲಿಯನ್ನು ಕೆಳಗಿಟ್ಟ. ‘ಅವತ್ತು ಕೆಲಸದೋರು ಇಬ್ಬರು ಬಂದಿರಲಿಲ್ಲ ಕಣೆ. ಲಾರಿ ಮೇಲೆ ಲಾರಿ ಬಂತು, ಸಾಮಾನು ಇಳಿಸೋಕೂ ನಾನೇ ಓಡಬೇಕಾಯ್ತು. ನಡುನಡುವೆ ಬಂದು ಇಣುಕಿ ನೋಡ್ದೆ. ಒಂದೊಂದನ್ನೇ ಒತ್ತಿ ನೋಡೋಷ್ಟು ಪುರುಸೊತ್ತಿರಲಿಲ್ಲ. ಚುಕ್ಕೆಗಳೆಲ್ಲ ಒಂದೇ ಥರ ಇದ್ವು. ಎಲ್ಲ ಸರಿಯಾಗಿದೆ ಅಂದ್ಕೊಂಡೆ.’

‘ಹಾಗಂತ ಮ್ಯಾನೇಜರಿಗೆ ಹೇಳಬೇಕಿತ್ತಣ್ಣಾ! ಲಾರಿಯವರು ನೋಡಿರಲಿಲ್ವಾ ನಿನ್ನನ್ನ?’

‘ಅವರು ಹೊರಟುಹೋಗಿದ್ರು. ತಪ್ಪು ಒಪ್ಕೊಂಡವನ ಹತ್ರ ಸಾಕ್ಷಿ ಯಾರು ಕೇಳ್ತಾರೆ? ಮ್ಯಾನೇಜರ್ ಕೇಳಿದ್ದೇ ಎರಡು. ಸ್ಕ್ರೀನ್ ಸರಿ ಇರಲಿಲ್ವಾ, ನೀನು ಮಲಗಿದ್ಯಾ ಅಂತ. ನಾನು ಅಲ್ಲಿ ಕಂಡಕಂಡವರಿಗೆಲ್ಲ ಇದು ನನ್ನ ತಂಗಿ ಮಾಡಿದ್ದು ಅಂತ ತೋರಿಸ್ಕೊಂಡು ತಿರುಗಿದ್ದೆ. ಸರಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?’ ಅವನು ಕೈಗೆ ಅಂಟಿದ್ದ ಹಿತ್ತಾಳೆಯ ಪುಡಿಯನ್ನು ಬಟ್ಟೆಗೆ ಒರೆಸಿಕೊಂಡ. ‘ನಾಲ್ಕು ದಿನ ಬೈತಾರೆ, ಆಮೇಲೆ ಮರೀತಾರೆ ಅಂದ್ಕೊಂಡೆ. ಅಪ್ಪ ಕೊನೇವರೆಗೂ ಮುನಿಸ್ಕೊಂಡೇ ಇರ್ತಾರೆ ಅಂತ ನನಗೆ ಹೊಳೀಲಿಲ್ಲ.’

ಚೊಕ್ಕಿಗೆ ಅಳು ಉಕ್ಕಿ ಬಂತು. ‘ನಾನು ಎಲ್ಲರಿಗೂ ಹೇಳ್ತೀನಿ ಅಣ್ಣಾ. ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದು ಹೇಳ್ತೀನಿ. ತಪ್ಪು ನನ್ನದು, ನಿನ್ನದಲ್ಲ ಅಂತ.’

‘ಯಾರಿಗೇ ಹೇಳ್ತೀಯಾ?’ ಎಂದ ಅಣ್ಣ. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳುವವನ ಹಾಗೆ. ‘ನೆಂಟರಿಗಾ? ಅವರು ನಗ್ತಾರೆ, ಮನೆಗೆ ಹೋಗ್ತಾರೆ. ಕೇಳಬೇಕಾದವರು ಹೋಗಿಬಿಟ್ರಲ್ಲ ಚೊಕ್ಕಿ.’

ಮೇಲೆ ಮೆಟ್ಟಿಲುಗಳಲ್ಲಿ ಜನ ದಡದಡನೆ ಇಳಿದು ಹೋದರು. ಅವಳು ಮೂಗೊರೆಸಿಕೊಂಡು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೊಣಕಾಲ ಮೇಲೆ ತೆರೆದಳು. ಈ ಸಲ ಹೇಗಿದೆ ಎಂದು ಕೇಳಲಿಲ್ಲ.

‘ಯಾವ ಕೋಣೆ ಕೆಟ್ಟಿದೆ, ತೋರಿಸು.’

ಅಣ್ಣನ ತಲೆ ಚೂರೂ ಅಲುಗಲಿಲ್ಲ. ಬೆರಳು ನೇರವಾಗಿ ಹೋಗಿ ತ್ರಿಕೋನದ ಮೇಲೆ ನಿಂತಿತು. ‘ಏಳು’ ಎಂದ.

ಹೇಳಿದವನು ಬೆರಳನ್ನು ತೆಗೆಯಲಿಲ್ಲ. ತ್ರಿಕೋನವನ್ನ, ಪಕ್ಕದ ಅಕ್ಷರವನ್ನ, ಕೆಳಗಿನ ಸಾಲಿನಲ್ಲಿದ್ದ ದುಂಡು ಚುಕ್ಕೆಗಳನ್ನ ನೋಡಿದ. ಮತ್ತೆ ತ್ರಿಕೋನ ನೋಡಿದ.

‘ಇಷ್ಟೇನಾ?’

‘ಇಷ್ಟೇ ಅಣ್ಣಾ.’

‘ಕಷ್ಟ ಆಯ್ತಾ ಮಾಡೋಕೆ? ತುಂಬ ದಿನ ಹಿಡೀತಾ?’

ಸುಳ್ಳು ಹೇಳಬಹುದಿತ್ತು. ತಿಂಗಳು ಹಿಡಿಯಿತು, ಹಿಂದೆ ಇಂಥದ್ದನ್ನು ಮಾಡಲು ಬರುತ್ತಲೇ ಇರಲಿಲ್ಲ, ಈಗ ಹೊಸ ಯಂತ್ರಗಳು ಬಂದಿವೆ ಎಂದರೆ ಅವನು ನಂಬುತ್ತಿದ್ದ. ಹೌದಾ, ಹಾಗಾದರೆ ನೀನು ತಾನೇ ಏನು ಮಾಡಕ್ಕಾಗ್ತಿತ್ತು ಎಂದು ಸಮಾಧಾನವನ್ನೂ ಮಾಡುತ್ತಿದ್ದ. ಅದು ಗೊತ್ತಿದ್ದುದರಿಂದಲೇ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

‘ಒಂದು ಮಧ್ಯಾಹ್ನ,’ ಎಂದಳು.

‘ಓ,’ ಎಂದ ಅಣ್ಣ. ಆಮೇಲೆ, ‘ಅಪ್ಪ ಇದ್ದಿದ್ರೆ…’ ಎಂದ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಶಾಲೆಗೆ ರಜೆಯಿದ್ದಾಗಲೆಲ್ಲ ಈ ಹೊತ್ತಿಗೆ ಪುಟ್ಟಿ ಮಾಮನಿಗೆ ಫೋನು ಮಾಡುತ್ತಾಳೆ, ಚೊಕ್ಕಿಗೆ ಅದು ಮರೆತೇ ಹೋಗಿತ್ತು. ಅಣ್ಣ ಫೋನನ್ನು ಕಿವಿಗಿಟ್ಟ. ಆ ಕಡೆಯ ದನಿ ಸ್ಟೂಲಿನವರೆಗೂ ಕೇಳುತ್ತಿತ್ತು.

‘ಮಾಮ, ನಾನು ನಿನ್ನನ್ನ ಇನ್ಮೇಲೆ ಕುಂಭಕರ್ಣ ಅನ್ನಬಾರದಂತೆ. ಅಮ್ಮ ಹೇಳಿದ್ಲು.’

ಅಣ್ಣ ತಂಗಿಯ ಕಡೆ ನೋಡಿದ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

‘ಅಯ್ಯೋ, ಬೇಡಪ್ಪ. ಹಾಗೇ ಕರಿ ಪುಟ್ಟೀ,’ ಎಂದ ನಗುತ್ತ. ‘ಇಷ್ಟು ವರ್ಷ ಆದ್ಮೇಲೆ ಬೇರೆ ಹೆಸರಿಂದ ಕರೆದ್ರೆ, ಯಾರನ್ನೋ ಕರೀತಿದ್ದಾಳೆ ಅಂತ ನಾನು ತಿರುಗಿ ನೋಡೋದೇ ಇಲ್ಲ.’

ಅವನ ಇನ್ನೊಂದು ಕೈಯ ಬೆರಳು ಇನ್ನೂ ಪರದೆಯ ಮೇಲೇ ಇತ್ತು. ಚೊಕ್ಕಿ ಲ್ಯಾಪ್‌ಟಾಪನ್ನು ಅಲುಗಾಡಿಸದೆ ಹಿಡಿದುಕೊಂಡು ಕೂತಳು.